ತಿರುಕೋಣಮಲೆಯಲ್ಲಿ ಮೂರು ದಿನ

ಕಡಲ ತಡಿಯಲ್ಲಿ ಹುಟ್ಟಿ ಬೆಳೆದವರಿಗೆ ಮತ್ತೊಂದು ಕಡಲನ್ನು ಕಾಣಬೇಕೆಂಬ ಕುತೂಹಲವು ಸಹಜವಾದುದು. ಆದರೆ ಉತ್ತರ ಕನ್ನಡದವರಾದ ನಾವು ಸಿಂಹಳದ್ವೀಪದ ಮೂಡಣ ತೀರದಲ್ಲಿರುವ ತಿರುಕೋಣಮಲೆ ಎಂಬ ರೇವುಪಟ್ಟಣಕ್ಕೆ ಹೊರಟುದು ಬರಿಯ ಕುತೂಹಲದಿಂದಲ್ಲ. ನಮ್ಮ ಕಿರಿಯ ಮಗನು ನೌಕಾದಳಕ್ಕೆ ಆಯ್ಕೆಯಾಗಿ, ಹೋಗಿ ಸೇರಬೇಕಾದ ದಿನವನ್ನು ಎದುರುನೋಡುತ್ತಿದ್ದನು. ಅವನ ತಾಯಿಗೆ ಅದು ಒಪ್ಪಿಗೆಯಾಗಿರಲಿಲ್ಲ. “ಕಾರವಾರದ ಕಡಲಿನಲ್ಲಿ ಯುದ್ಧನೌಕೆಗಳನ್ನು ಎಷ್ಟೋ ಸಲ ನೋಡಿದ್ದೇನೆ. ದಡದಲ್ಲಿ ನಿಂತು ನೋಡುವ ಮಾತು ಬೇರೆ, ಹೆತ್ತ ಮಗನನ್ನು ಹತ್ತಿಸಿ ಕಳುಹಿಸುವ ಮಾತು ಬೇರೆ” ಎಂದು ಆಕೆಯು ಹೇಳುತ್ತಿದ್ದಳು. ಮಗನು ವಾದಿಸಲಿಲ್ಲ, ತಾಯಿಯ ಅಪ್ಪಣೆಯಿಲ್ಲದೆ ಹೊರಡುವುದಿಲ್ಲವೆಂದು ಮಾತ್ರ ಹೇಳಿ ಸುಮ್ಮನಾದನು. ಮನೆಯಲ್ಲಿ ಕೆಲವು ವಾರಗಳು ಹೀಗೆಯೇ ಕಳೆದುವು.

ಒಂದು ದಿನ ಊಟವಾದ ಬಳಿಕ ನಾನು ಸಿಂಹಳದ ಪುರಾತನ ಗ್ರಂಥವಾದ ಮಹಾವಂಶದ ಪ್ರಸ್ತಾಪವನ್ನೆತ್ತಿ, ಅದರಲ್ಲಿ ಬರುವ ‘ಗೋಕಣ್ಣ’ ಎಂಬ ರೇವನ್ನು ವಿದ್ವಾಂಸರು ತಿರುಕೋಣಮಲೆಯೆಂದು ಗುರುತಿಸುವರೆಂದೂ, ಆ ಹೆಸರು ನಮ್ಮ ಗೋಕರ್ಣ ಎಂಬ ಮಾತಿನ ಪಾಳಿ ರೂಪವೇ ಎಂದೂ ಹೇಳಿದೆನು.

“ಅಲ್ಲಿಯೂ ಶಿವನಿರುವನೇ?” ಎಂದು ಆಕೆಯು ಕೇಳಿದಳು.

“ಇರುವನು. ಕೋಣೇಶ್ವರನೆಂದು ಹೆಸರು. ಅಲ್ಲಿಯೂ ರಾವಣನ ಕಥೆಯೇ.”

“ಹಾಗಾದರೆ ಮೊದಲು ಅಲ್ಲಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರೋಣ. ಮಿಕ್ಕ ಮಾತು ಆಮೇಲೆ.”

ಹೀಗೆ ನಮ್ಮ ಯಾತ್ರೆಯು ನಿಶ್ಚಯವಾಯಿತು.

ನಾವು ಹೊರಟುದು ಆಷಾಢಮಾಸದಲ್ಲಿ. ನಮ್ಮ ಕಡೆ ಆಗ ಮಳೆಯು ಧಾರಾಕಾರವಾಗಿ ಸುರಿದು, ಕಡಲು ಭೋರ್ಗರೆದು, ದೋಣಿಗಳೆಲ್ಲ ದಡಕ್ಕೇರಿದ್ದವು. ಕೊಳಂಬಿನವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮೋಟಾರಿನಲ್ಲಿ ಸುಮಾರು 260 ಕಿಲೋಮೀಟರು ಪ್ರಯಾಣ ಮಾಡಿದೆವು. ದಂಬುಲ್ಲವನ್ನು ದಾಟಿ ಹಬರಣೆಯ ಕಾಡುದಾರಿಗೆ ಬರುವಷ್ಟರಲ್ಲಿ ಮೋಡಗಳು ಹಿಂದುಳಿದು ಬಿಸಿಲು ಕಾಯತೊಡಗಿತ್ತು. ರಸ್ತೆಯ ಬದಿಯಲ್ಲಿ ಒಂಟಿ ಆನೆಯೊಂದು ಯಾರ ಪರಿವೆಯೂ ಇಲ್ಲದೆ ನಿಂತಿತ್ತು. ಸಾಯಂಕಾಲ ತಿರುಕೋಣಮಲೆಯನ್ನು ಸೇರಿ ದಡದಲ್ಲಿ ನಿಂತಾಗ ನಮ್ಮ ಕಣ್ಣುಗಳನ್ನೇ ನಂಬಲಾಗಲಿಲ್ಲ. ಆಷಾಢದ ಕಡಲು ದೇವಸ್ಥಾನದ ಪುಷ್ಕರಿಣಿಯಂತೆ ಅಲುಗದೆ ಮಲಗಿತ್ತು! ನೈಋತ್ಯದ ಮಾರುತವನ್ನು ದ್ವೀಪದ ನಡುವಣ ಮಲೆಗಳು ತಡೆಯುವುದರಿಂದ ಈ ಮೂಡಣ ಕರೆಯಲ್ಲಿ ಏಪ್ರಿಲಿನಿಂದ ಸಪ್ಟಂಬರಿನವರೆಗೆ ಕಡಲು ಶಾಂತ. ನಮಗೆ ಬಿಸಿಲೇರುವ ಕಾರ್ತಿಕ ಮಾರ್ಗಶಿರಗಳೇ ಅವರಿಗೆ ಮಳೆಗಾಲ.

ಈ ಊರಿನ ಚರಿತ್ರೆಯನ್ನು ತಿಳಿಯಬೇಕಾದರೆ ಮೊದಲು ಅದರ ನೀರನ್ನು ತಿಳಿಯಬೇಕು. ಸಿಂಹಳದ ನದಿಗಳಲ್ಲೆಲ್ಲ ಉದ್ದವಾದ ಮಹಾವಲಿಗಂಗೆಯು 335 ಕಿಲೋಮೀಟರು ಹರಿದು ಕೊಟ್ಟಿಯಾರ ಕೊಲ್ಲಿಯಲ್ಲಿ ಸಮುದ್ರವನ್ನು ಕೂಡುತ್ತದೆ. ಆ ಕೊಲ್ಲಿಯ ಬಡಗಣ ಮೂಲೆಯಲ್ಲಿ ಗುಡ್ಡಗಳ ನಡುವೆ ಅಡಗಿದಂತೆ ಒಳರೇವು ಇದೆ. ಕಡಲ ತಳದಲ್ಲಿ ಆಳವಾದ ಕಮರಿಯೊಂದು ದಡದ ಸಮೀಪದವರೆಗೂ ಬಂದಿರುವುದರಿಂದ ದೊಡ್ಡ ಹಡಗುಗಳಿಗೂ ಇಲ್ಲಿ ನೀರಿನ ಕೊರತೆಯಿಲ್ಲ. ತಿಮಿಂಗಿಲಗಳು ಕೂಡ ಕರೆಯಿಂದ ಹೆಚ್ಚು ದೂರವಲ್ಲದಲ್ಲಿ ಕಾಣಿಸಿಕೊಳ್ಳುವುದುಂಟು. ಹಾಯಿಹಡಗಿನ ಕಾಲದಲ್ಲಿ ಚೆನ್ನಪಟ್ಟಣದ, ಅಂದರೆ ಮದರಾಸಿನ, ದಡದಲ್ಲಿ ಆಸರೆಯ ಬಂದರೇ ಇರಲಿಲ್ಲ. ಹಿಂಗಾರಿನ ಬಿರುಗಾಳಿ ಏಳುವ ಮುನ್ನ ನೌಕಾಬಲಗಳು ಬಂಗಾಳ ಕೊಲ್ಲಿಯನ್ನು ಬಿಟ್ಟು ಓಡಬೇಕಾಗಿದ್ದಿತು. ಸಮೀಪದಲ್ಲಿ ಎಲ್ಲ ಋತುಗಳಿಗೂ ಆಸರೆ ಕೊಡುವ ರೇವೆಂದರೆ ಇದೊಂದೇ. ಇದನ್ನು ಹಿಡಿದವನಿಗೆ ಕೋರಮಂಡಲ ತೀರವು ಅಂಕೆಯಲ್ಲಿರುವುದೆಂದು ಯುರೋಪಿನ ರಾಜ್ಯಗಳೆಲ್ಲ ಎಣಿಸಿದುವು. ಇಲ್ಲಿಯ ಬೆಸ್ತರು ಯಾರ ಮೇಲೂ ಯುದ್ಧವನ್ನು ಸಾರಿದವರಲ್ಲ. ಆದರೂ ಈ ಆಳವಾದ ನೀರಿಗಾಗಿ ಯುದ್ಧವು ಮತ್ತೆ ಮತ್ತೆ ಅವರ ಬಾಗಿಲಿಗೆ ಬಂದಿತು.

ಎರಡನೆಯ ದಿನ ಪ್ರಾತಃಕಾಲದಲ್ಲಿ ಸ್ನಾನ ಮಾಡಿ ಕೋಣೇಶ್ವರನ ದರ್ಶನಕ್ಕೆ ಹೊರಟೆವು. ದೇವಾಲಯವು ಕಡಲಿಗೆ ಚಾಚಿದ ಸ್ವಾಮಿಮಲೆ ಎಂಬ ಬಂಡೆಯ ತುದಿಯಲ್ಲಿದೆ. ಅಲ್ಲಿಗೆ ಹೋಗುವ ದಾರಿ ಕೋಟೆಯೊಳಗಿಂದಲೇ. ಕೋಟೆಬಾಗಿಲಿನ ಬದಿಯ ಕಲ್ಲಿನಲ್ಲಿ ಮೀನಿನ ಗುರುತೂ ಹಳೆಯ ತಮಿಳು ಶಾಸನವೂ ಕಾಣುತ್ತವೆ. ಕೋಟೆಗೂ ಮೀನಿಗೂ ಏನು ಸಂಬಂಧವೆಂದು ಮಗನು ಕೇಳಿದನು. ಅದರ ಉತ್ತರವು ಸ್ವಲ್ಪ ದುಃಖಕರವಾದುದು. ಏಳನೆಯ ಶತಮಾನದಲ್ಲಿಯೇ ಶೈವಸಂತರಾದ ತಿರುಜ್ಞಾನಸಂಬಂಧರಿಂದ ಹಾಡಿಸಿಕೊಂಡ ಪ್ರಖ್ಯಾತವಾದ ದೇವಾಲಯವು ಇಲ್ಲಿದ್ದಿತು. ಅದನ್ನು 1622ರಲ್ಲಿ ಪರಂಗಿಯವರು, ಎಂದರೆ ಪೋರ್ತುಗೀಸರು, ಕೆಡವಿದರು. ತಮಿಳರ ಹೊಸವರುಷದ ದಿನ ದೇವರ ಉತ್ಸವವು ಊರೊಳಗೆ ಹೋಗಿದ್ದಾಗ ಸಿಪಾಯಿಗಳು ಅರ್ಚಕರ ವೇಷದಿಂದ ಒಳನುಗ್ಗಿದರೆಂದು ಜನರು ಕಥೆ ಹೇಳುತ್ತಾರೆ. ಕೆಲವು ಕಲ್ಲುಗಳು ಕಡಲಿಗೆ ಬಿದ್ದುವು. ಕೆಲವು ಈ ಕೋಟೆಯ ಗೋಡೆಗೆ ಸೇರಿದುವು.

ದೇವರ ವಿಗ್ರಹಗಳನ್ನು ಭಕ್ತರು ಹೂಳಿಟ್ಟಿದ್ದರು. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 1950ರಲ್ಲಿ ಊರಿನಲ್ಲಿ ಬಾವಿ ತೋಡುತ್ತಿದ್ದಾಗ ಪಂಚಲೋಹದ ವಿಗ್ರಹಗಳು ಕೆಲವು ದೊರೆತುವು. 1956ರಲ್ಲಿ ಗ್ರಂಥಕರ್ತನಾದ ಆರ್ಥರ್ ಕ್ಲಾರ್ಕನೂ ಅವನ ಸಂಗಡಿಗ ಮೈಕ್ ವಿಲ್ಸನ್ನನೂ ಬಂಡೆಯ ಬುಡದಲ್ಲಿ ಮುಳುಗಿ, ಕಡಲ ತಳದಲ್ಲಿ ಕೆತ್ತನೆಯ ಕಂಬಗಳು ಬಿದ್ದಿರುವುದನ್ನು ಕಂಡರು. ಈಗಿನ ದೇವಾಲಯವು ಆ ಕಾಲದಲ್ಲಿ ಊರಿನವರ ಶ್ರದ್ಧೆಯಿಂದ ಮತ್ತೆ ಎದ್ದುದು.

ಕೋಟೆಯೊಳಗೆ ಈಗಲೂ ಸೈನ್ಯದ ತುಕಡಿಯೊಂದು ಇದೆ. ಕಾವಲಿನವರ ನಡುವೆಯೇ ಚುಕ್ಕೆಜಿಂಕೆಗಳು ಹಿಂಡುಹಿಂಡಾಗಿ ಮರದ ನೆರಳಿನಲ್ಲಿ ಮಲಗಿರುತ್ತವೆ. ನೈವೇದ್ಯದ ಬಾಳೆಹಣ್ಣಿನಲ್ಲಿ ಒಂದು ಜಿಂಕೆಯ ಪಾಲಾಯಿತು. ಬಂಡೆಯ ಮೇಲಿನಿಂದ ನೋಡಿದರೆ ಕೆಳಗೆ ಎದೆ ಝಲ್ಲೆನ್ನುವಷ್ಟು ಆಳದಲ್ಲಿ ನೀಲಿಯ ನೀರು. ಅಲ್ಲಿಯೇ ಬಂಡೆ ಸೀಳಿರುವ ಎಡೆಯೊಂದನ್ನು ತೋರಿಸಿ, ರಾವಣನು ಖಡ್ಗದಿಂದ ಕಡಿದುದೆಂದು ಹೇಳುತ್ತಾರೆ. ಮನೆಯಾಕೆಯು ಮಗನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಅರ್ಚಕರ ಮಾತು ತಮಿಳು, ನಮ್ಮ ಮಾತು ಕನ್ನಡ. ಆದರೆ ಗೋತ್ರ ನಕ್ಷತ್ರಗಳನ್ನು ಹೇಳುವಾಗ ಯಾವ ತೊಡಕೂ ಆಗಲಿಲ್ಲ. ಪ್ರಸಾದದ ಹೂವುಗಳನ್ನು ಆಕೆಯು ಬಾಳೆಲೆಯಲ್ಲಿ ಕಟ್ಟಿ ಚೀಲದಲ್ಲಿಟ್ಟುಕೊಂಡಳು.

ಕನ್ನಡಿಗರಿಗೆ ಈ ಕೋಟೆಯು ಪೂರ್ಣ ಪರಕೀಯವಲ್ಲ. ಪರಂಗಿಯವರ ಬಳಿಕ 1639ರಲ್ಲಿ ಡಚ್ಚರು ಇದನ್ನು ಹಿಡಿದರು. 1782ರ ಜನವರಿಯಲ್ಲಿ ಆಂಗ್ಲರು ಕಿತ್ತುಕೊಂಡರು. ಅದೇ ವರ್ಷ ಜುಲೈಯಲ್ಲಿ ಫ್ರೆಂಚರ ನೌಕಾಧಿಪತಿ ಸುಫ್ರನ್ ಎಂಬವನು ಕಡಲೂರಿನ ಸಮೀಪದಲ್ಲಿ ಮೈಸೂರಿನ ಹೈದರಾಲಿಯನ್ನು ಸಂಧಿಸಿದನು. ಆಂಗ್ಲರು ಇಬ್ಬರಿಗೂ ಹಗೆಗಳು. ಅಲ್ಲಿಂದ ಹೊರಟ ಸುಫ್ರನ್ನನು ಆಗಸ್ಟಿನ ಕೊನೆಯಲ್ಲಿ ತಿರುಕೋಣಮಲೆಯನ್ನು ಆಂಗ್ಲರಿಂದ ಗೆದ್ದನು. ಮರುವರ್ಷದ ಸಂಧಿಯಲ್ಲಿ ಊರು ಮತ್ತೆ ಡಚ್ಚರಿಗೆ ಹೋಗಿ, 1795ರಲ್ಲಿ ತಿರುಗಿ ಆಂಗ್ಲರ ವಶವಾಯಿತು. ಹದಿಮೂರು ವರ್ಷಗಳಲ್ಲಿ ಎಷ್ಟು ಧ್ವಜಗಳು!

ಕೋಟೆಯೊಳಗೆ ಆರ್ಥರ್ ವೆಲ್ಲೆಸ್ಲಿ ಇಳಿದಿದ್ದನೆಂದು ತೋರಿಸುವ ಮನೆಯೊಂದು ಇದೆ. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದವನೂ, 1800ರ ಸಪ್ಟಂಬರಿನಲ್ಲಿ ಚನ್ನಗಿರಿಯ ವೀರನಾದ ಧೊಂಡಿಯಾ ವಾಘನನ್ನು ಸೋಲಿಸಿದವನೂ ಇವನೇ. ಅದೇ ವರ್ಷದ ಕೊನೆಯಲ್ಲಿ ದಂಡಯಾತ್ರೆಯೊಂದರ ಸಿದ್ಧತೆಗಾಗಿ ಇಲ್ಲಿಗೆ ಬಂದು, ಬಳಿಕ ಮುಂಬಯಿಗೆ ಹೋಗಿ ಕಾಯಿಲೆ ಬಿದ್ದನು. ಅವನು ಹತ್ತಬೇಕಾಗಿದ್ದ ಹಡಗು ಅವನನ್ನು ಬಿಟ್ಟು ಹೊರಟು, ದಾರಿಯಲ್ಲಿ ಜನಸಹಿತವಾಗಿ ಮುಳುಗಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ವೆಲಿಂಗ್ಟನ್ ಇವನೇ. ಈ ಕಥೆಯನ್ನು ಕೇಳಿ ಮನೆಯಾಕೆಯು, “ಅವನೊಬ್ಬನು ಉಳಿದುದನ್ನು ಎಲ್ಲರೂ ಹೇಳುತ್ತಾರೆ, ಆ ಹಡಗಿನಲ್ಲಿದ್ದವರ ಮನೆಗಳಲ್ಲಿ ಏನಾಯಿತೆಂದು ಯಾರು ಹೇಳುವರು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನದ ಮೇಲೆ ಒಳರೇವಿನ ಕಡೆಗೆ ಹೋದೆವು. ಎರಡನೆಯ ಮಹಾಯುದ್ಧದಲ್ಲಿ ಈ ಊರಿನ ಹೆಸರು ಲೋಕಕ್ಕೆಲ್ಲ ತಿಳಿಯಿತು. 1942ರ ಫೆಬ್ರುವರಿ 15ರಂದು ಸಿಂಗಪುರವು ಜಪಾನೀಯರಿಗೆ ಶರಣಾಗತವಾದ ಬಳಿಕ ಹಿಂದೂ ಮಹಾಸಾಗರದಲ್ಲಿ ಆಂಗ್ಲರ ನೌಕಾಬಲಕ್ಕೆ ಸಿಂಹಳವೇ ಮುಖ್ಯ ಆಸರೆಯಾಯಿತು. ಏಪ್ರಿಲಿನಲ್ಲಿ ಜಪಾನಿನ ನೌಕಾಧಿಪತಿ ನಗುಮೊ ಐದು ವಿಮಾನವಾಹಕ ಹಡಗುಗಳೊಡನೆ ಬಂದು, 5ನೆಯ ತಾರೀಖು ಈಸ್ಟರ್ ಭಾನುವಾರ ಕೊಳಂಬಿನ ಮೇಲೂ, 9ನೆಯ ತಾರೀಖು ಬೆಳಗ್ಗೆ ತಿರುಕೋಣಮಲೆಯ ಮೇಲೂ ಬಾಂಬುಗಳನ್ನು ಸುರಿಸಿದನು. ಇಲ್ಲಿಗೆ ಬಂದ ವಿಮಾನಗಳು ನೂರಕ್ಕೂ ಹೆಚ್ಚು.

ಹಾವಳಿಯ ಸುಳಿವು ಮುಂಚಿತವಾಗಿಯೇ ದೊರೆತುದರಿಂದ ಹರ್ಮಿಸ್ ಎಂಬ ವಿಮಾನವಾಹಕ ಹಡಗನ್ನು ಹಿಂದಿನ ರಾತ್ರಿಯೇ ರೇವಿನಿಂದ ಹೊರಕ್ಕೆ ಕಳುಹಿಸಿದ್ದರು. ಆದರೆ ಆಗ ಅದರ ಮೇಲೆ ವಿಮಾನಗಳೇ ಇರಲಿಲ್ಲ. ಮಟ್ಟಕಳಪ್ಪಿನ ಎದುರಿಗೆ ಜಪಾನೀಯರು ಅದನ್ನು ಕಂಡುಹಿಡಿದು ಮುಳುಗಿಸಿದರು. ಅದರಲ್ಲಿದ್ದವರಲ್ಲಿ 307 ಮಂದಿ ಸತ್ತರು; ಜತೆಯಲ್ಲಿದ್ದ ಆಸ್ಟ್ರೇಲಿಯದ ವ್ಯಾಂಪೈರ್ ಎಂಬ ನೌಕೆಯೂ ಮುಳುಗಿತು.

“ಉಳಿದವರು?” ಎಂದು ತಾಯಿಯು ಕೇಳಿದಳು.

ಮಗನು ಇದನ್ನೆಲ್ಲ ಓದಿಕೊಂಡಿದ್ದನು. “ವೀಟಾ ಎಂಬ ಆಸ್ಪತ್ರೆಯ ಹಡಗು ಹತ್ತಿರದಲ್ಲಿಯೇ ಇತ್ತು, ಆಯಿ. ಸುಮಾರು 600 ಮಂದಿಯನ್ನು ನೀರಿನಿಂದೆತ್ತಿತು. ಹಡಗಿನಲ್ಲಿ ಹೋಗುವವರೆಲ್ಲ ಕೊಲ್ಲುವುದಕ್ಕೇ ಹೋಗುವುದಿಲ್ಲ.”

ಆಕೆಯು ಮಾತನಾಡಲಿಲ್ಲ.

ರೇವಿನ ಹಿಂದೆ ಚೈನಾ ಬೇ ಎಂಬ ಸ್ಥಳದ ಕಾಡಿನ ನಡುವೆ ಆಂಗ್ಲರು ಹಡಗುಗಳಿಗಾಗಿ ಕಟ್ಟಿದ ತೈಲದ ತೊಟ್ಟಿಗಳಿವೆ. ಒಂದೊಂದೂ ಸುಮಾರು 12,000 ಟನ್ನು ತೈಲ ಹಿಡಿಯುವ ಉಕ್ಕಿನ ದೊಡ್ಡ ಕಣಜಗಳು. ಇಂದಿಗೂ 99 ನಿಂತಿವೆ. ಆ ದಿನ ಜಪಾನಿನ ವಿಮಾನವೊಂದು ಒಂದು ತೊಟ್ಟಿಯ ಮೇಲೆ ಬಂದು ಬಿದ್ದಿತೆಂದೂ, ಬೆಂಕಿಯು ದಿನಗಟ್ಟಲೆ ಆರಲಿಲ್ಲವೆಂದೂ ಹೇಳುತ್ತಾರೆ. ಆಂಗ್ಲರು ಈ ನೌಕಾನೆಲೆಯನ್ನು 1957ರಲ್ಲಿ ಸಿಂಹಳದವರಿಗೆ ಬಿಟ್ಟುಕೊಟ್ಟರು. ಎಷ್ಟೋ ತೊಟ್ಟಿಗಳು ಬರಿದಾಗಿ, ಸುತ್ತಲೂ ಗಿಡಬಳ್ಳಿಗಳು ಬೆಳೆದುವು. ಇವುಗಳನ್ನು ಮತ್ತೆ ಉಪಯೋಗಕ್ಕೆ ತರುವ ಸಲುವಾಗಿ 2022ರ ಜನವರಿಯಲ್ಲಿ ಭಾರತದ ತೈಲ ಸಂಸ್ಥೆಯೂ ಸೇರಿ ಒಪ್ಪಂದವಾಯಿತು. ಯುದ್ಧಕ್ಕಾಗಿ ಕಟ್ಟಿದ ಕಣಜವು ಅಡಿಗೆಮನೆಯ ದೀಪಕ್ಕೂ ಹೊಲದ ಯಂತ್ರಕ್ಕೂ ಒದಗುವುದಾದರೆ ಅದಕ್ಕಿಂತ ಒಳ್ಳೆಯದೇನು? ಆ ವಿಮಾನದಲ್ಲಿ ಬೆಂದುಹೋದವರನ್ನು ಕುರಿತು ಮನೆಯಾಕೆಯು, “ಅವರಿಗೂ ತಾಯಂದಿರಿದ್ದರಲ್ಲವೇ” ಎಂದು ಮಾತ್ರ ಹೇಳಿದಳು.

ಮೂರನೆಯ ದಿನ ಮುಂಜಾನೆ ಕನ್ನಿಯಾ ಎಂಬಲ್ಲಿಯ ಬಿಸಿನೀರಿನ ಬುಗ್ಗೆಗಳಿಗೆ ಹೋದೆವು. ಚಿಕ್ಕ ಚೌಕದ ಬಾವಿಗಳು ಏಳು. ಒಂದರ ನೀರಿನ ಬಿಸಿಯಂತೆ ಇನ್ನೊಂದರದಿಲ್ಲ. ರಾವಣನು ತನ್ನ ತಾಯಿಯ ಉತ್ತರಕ್ರಿಯೆಗಾಗಿ ನೆಲವನ್ನು ಏಳು ಕಡೆ ಚುಚ್ಚಿದಾಗ ಈ ನೀರು ಚಿಮ್ಮಿತೆಂದು ಐತಿಹ್ಯವಿದೆ. ನಮ್ಮ ಗೋಕರ್ಣದ ಕಥೆಯಲ್ಲಿಯೂ ರಾವಣನು ಆತ್ಮಲಿಂಗವನ್ನು ತರಹೋದುದು ತಾಯಿಯ ಪೂಜೆಗಾಗಿಯೇ ಅಲ್ಲವೇ! ತಲೆಯ ಮೇಲೆ ಬಿಸಿನೀರನ್ನು ಸುರಿದುಕೊಳ್ಳುತ್ತಿದ್ದ ಮಗನನ್ನು ನೋಡಿ ಮನೆಯಾಕೆಯು, “ಹತ್ತು ತಲೆಯವನಿಗೂ ತಾಯಿಯ ಚಿಂತೆಯಿತ್ತು, ಇವನಿಗೆ ಇರುವುದೊಂದೇ ತಲೆ, ಅದರ ತುಂಬ ಹಡಗು” ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ಆಕೆಯು ಆ ವಿಷಯವನ್ನೆತ್ತಿ ನಕ್ಕುದು ಅದೇ ಮೊದಲು.

ಹಿಂದಿರುಗುವಾಗ ನಿಲಾವೆಳಿಯ ರಸ್ತೆಯಲ್ಲಿರುವ ಯುದ್ಧಸ್ಮಶಾನವನ್ನು ಹೊಕ್ಕೆವು. ಇಂತಹ ಶುಭ್ರವಾದ ಸ್ಮಶಾನವನ್ನು ನಾನು ಕಂಡಿರಲಿಲ್ಲ. ಹುಲ್ಲು ಸಮನಾಗಿ ಕತ್ತರಿಸಿದೆ, ಮುನ್ನೂರಕ್ಕೂ ಹೆಚ್ಚು ಗೋರಿಗಳು ಸಾಲುಸಾಲಾಗಿವೆ, ಎಲ್ಲಿಯೂ ಗದ್ದಲವಿಲ್ಲ. ಹರ್ಮಿಸಿನವರಲ್ಲಿ ಬಹುಮಂದಿಗೆ ಕಡಲೇ ಸಮಾಧಿಯಾಯಿತು. ಯುದ್ಧಕಾಲದಲ್ಲಿ ಈ ಕಡೆಯಲ್ಲಿ ಸತ್ತ ಇತರ ನಾವಿಕರೂ ಸೈನಿಕರೂ ವಿಮಾನದವರೂ ಇಲ್ಲಿ ಮಲಗಿದ್ದಾರೆ. ನಾನು ಹೆಸರುಗಳನ್ನು ಓದುತ್ತ ಹೋದೆನು. ಮನೆಯಾಕೆಯು ಹೆಸರುಗಳನ್ನು ಓದಲಿಲ್ಲ, ವಯಸ್ಸುಗಳನ್ನು ಓದಿದಳು. ಇಪ್ಪತ್ತೆರಡು. ಇಪ್ಪತ್ತು. ಹತ್ತೊಂಬತ್ತು. ಹತ್ತೊಂಬತ್ತೆಂದು ಬರೆದಿದ್ದ ಗೋರಿಯೆದುರು ಆಕೆಯು ನಿಂತುಬಿಟ್ಟಳು. ನಮ್ಮವನಿಗೂ ಆಗ ಅಷ್ಟೇ ವಯಸ್ಸು. ಅವನು ಸ್ವಲ್ಪ ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದನು.

ಆಗ ಆಕೆಯು ಚೀಲದಿಂದ ಬಾಳೆಲೆಯ ಪೊಟ್ಟಣವನ್ನು ತೆಗೆದು, ಕೋಣೇಶ್ವರನ ಪ್ರಸಾದದ ಹೂವುಗಳಲ್ಲಿ ಎರಡನ್ನು ಆ ಕಲ್ಲಿನ ಬುಡದಲ್ಲಿಟ್ಟಳು. ಶಿವನ ಪ್ರಸಾದವನ್ನು ಬೇರೆ ಮತದವನ ಗೋರಿಯ ಮೇಲೆ ಇಡಬಹುದೇ ಎಂಬ ಪ್ರಶ್ನೆಯು ನನ್ನ ಮನಸ್ಸಿಗೆ ಬಂದಿತು, ಕೇಳುವ ಧೈರ್ಯವಾಗಲಿಲ್ಲ. “ಇವನ ತಾಯಿ ಇಷ್ಟು ದೂರ ಬರಲು ಸಾಧ್ಯವಾಯಿತೋ ಇಲ್ಲವೋ” ಎಂದು ಆಕೆಯೇ ಹೇಳಿದಳು.

ಅಲ್ಲಿಂದ ಉಪ್ಪುವೆಳಿಯ ಕಡಲಕರೆಗೆ ಬಂದೆವು. ಬಿಳಿಯ ಮರಳು, ತಿಳಿಯಾದ ನೀರು. ನಾಲ್ಕು ಮಾರು ದೂರ ಹೋದರೂ ಕಾಲಬೆರಳುಗಳು ಕಾಣುತ್ತವೆ. ದಡದಲ್ಲಿ ಎರಡು ಸಾಲು ಜನ ಉದ್ದವಾದ ಹಗ್ಗಗಳನ್ನು ಹಿಡಿದು, ಒಕ್ಕೊರಲಿನಿಂದ ಕೂಗುತ್ತ ದೊಡ್ಡ ಬಲೆಯನ್ನು ಎಳೆಯುತ್ತಿದ್ದರು. ನಮಗೆ ಕೂಡಲೆ ನಮ್ಮ ಊರಿನ ರಂಪಣಿಯ ನೆನಪಾಯಿತು. ಯಂತ್ರದ ದೋಣಿಗಳು ಬಂದ ಮೇಲೆ ನಮ್ಮ ಕರಾವಳಿಯಲ್ಲಿ ಅಪರೂಪವಾದ ಆ ನೋಟವನ್ನು ನಮ್ಮ ಮಗನು ಸರಿಯಾಗಿ ಕಂಡಿರಲಿಲ್ಲ. ಅವನು ಚಪ್ಪಲಿಯನ್ನು ಬಿಟ್ಟು ಓಡಿಹೋಗಿ ಹಗ್ಗಕ್ಕೆ ಕೈಕೊಟ್ಟನು. ಅವರೂ ಬೇಡವೆನ್ನಲಿಲ್ಲ.

ಎಳೆಯಲಾರದೆ ದಡದಲ್ಲಿ ಕುಳಿತಿದ್ದ ಮುದುಕನೊಬ್ಬನು ನಮ್ಮೊಡನೆ ಮಾತಿಗೆ ತೊಡಗಿದನು. ನನ್ನ ಅರೆಬರೆ ತಮಿಳಿಗೆ ತಿಳಿದಷ್ಟು ತಿಳಿಯಿತು. ಹಿರಿಯರ ಬಾಯಿಂದ ಜಪಾನೀಯರ ಬಾಂಬುಗಳ ಕಥೆಯನ್ನು ಕೇಳಿದ್ದನಂತೆ. ದ್ವೀಪದ ಒಳಯುದ್ಧವನ್ನು ಮಾತ್ರ, 1983ರಿಂದ 2009ರವರೆಗೆ, ಅವನೇ ಅನುಭವಿಸಿದವನು. ಆಗ ರಾತ್ರಿ ಕಡಲಿಗಿಳಿಯಬಾರದೆಂದು ಕಟ್ಟಪ್ಪಣೆ. ಮೀನು ಬರುವ ಹೊತ್ತಿನಲ್ಲಿ ಬಲೆಯು ಮನೆಯಲ್ಲಿ. ಅದರ ನಡುವೆ 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆ ಬಂದು ದೋಣಿಯನ್ನೂ ಗುಡಿಸಲನ್ನೂ ಒಯ್ದಿತು.

“ಇಷ್ಟಾದರೂ ಕಡಲನ್ನು ಬಿಡಲಿಲ್ಲವೇ?” ಎಂದು ಮನೆಯಾಕೆಯು ನನ್ನ ಮೂಲಕ ಕೇಳಿದಳು.

“ಮೂರು ತಿಂಗಳು ಈ ಕಡೆ ತಲೆಹಾಕಲಿಲ್ಲ, ತಾಯೀ. ಆಮೇಲೆ ಮಗನು ಸಾಲ ಮಾಡಿ ದೋಣಿ ತಂದನು. ಬೇಡವೆಂದೆ, ಅತ್ತೆ, ಅವನು ಹೋದನು. ಅಂದು ರಾತ್ರಿ ಅವನ ತಾಯಿ ದಡದಲ್ಲಿ ದೀಪ ಹಿಡಿದು ಕುಳಿತಳು. ಬೆಳಗಾಗುವಾಗ ಬಂದನು. ಅಂದಿನಿಂದ ದಿನವೂ ಹೋಗುತ್ತಾನೆ, ದಿನವೂ ಬರುತ್ತಾನೆ” ಎಂದು, ಹಗ್ಗದ ಮುಂದುಗಡೆ ನಿಂತು ಕೂಗುತ್ತಿದ್ದ ನಡುವಯಸ್ಸಿನವನನ್ನು ತೋರಿಸಿದನು.

ಬಲೆ ದಡಕ್ಕೆ ಬಂದಾಗ ಅದರಲ್ಲಿ ಹೆಚ್ಚಿನ ಮೀನಿರಲಿಲ್ಲ. ಯಾರೂ ಅದಕ್ಕಾಗಿ ಮುಖ ಸಣ್ಣದು ಮಾಡಲಿಲ್ಲ. ನಮ್ಮವನು ಅಂಗೈಗಳಲ್ಲಿ ಬೊಬ್ಬೆಯೆದ್ದು ನಗುತ್ತ ಬಂದನು. ತಾಯಿಯು ಅವನ ಕೈಗಳನ್ನು ಹಿಡಿದು ನೋಡಿ, ಉಳಿದಿದ್ದ ಪ್ರಸಾದದ ಹೂವೊಂದನ್ನು ಅವನ ಜೇಬಿನಲ್ಲಿಟ್ಟಳು.

ಈ ಊರಿಗೆ ಹೋಗಬಯಸುವ ವಾಚಕರು ಬೇಸಗೆಯಲ್ಲಿಯೋ ನಮ್ಮ ಮಳೆಗಾಲದಲ್ಲಿಯೋ ಹೋಗುವುದು ಒಳ್ಳೆಯದು. ಮಕ್ಕಳೊಡನೆ ಹೋಗುವವರು ನಿಲಾವೆಳಿಯಿಂದ ದೋಣಿಯಲ್ಲಿ ಪಾರಿವಾಳದ ದ್ವೀಪಕ್ಕೆ ಹೋಗಿ ಹವಳದ ದಿಬ್ಬಗಳನ್ನೂ ಬಣ್ಣದ ಮೀನುಗಳನ್ನೂ ನೋಡಬಹುದು; 2003ರಿಂದ ಅದು ರಾಷ್ಟ್ರೀಯ ಉದ್ಯಾನ, ಹವಳವನ್ನು ಮುಟ್ಟಲೂ ಕೀಳಲೂ ಕೂಡದು. ಆದರೆ ಯುದ್ಧಸ್ಮಶಾನವನ್ನು ನೋಡದೆ ಬರಬೇಡಿರಿ. ರಾಜರ ಹೆಸರುಗಳನ್ನು ಕೋಟೆಯ ಕಲ್ಲುಗಳು ಹೇಳುತ್ತವೆ. ಆ ರೇವಿಗಾಗಿ ತೆತ್ತ ಬೆಲೆ ಎಷ್ಟೆಂಬುದನ್ನು ಆ ಚಿಕ್ಕ ಕಲ್ಲುಗಳು ವಯಸ್ಸಿನ ಅಂಕೆಗಳಲ್ಲಿ ಹೇಳುತ್ತವೆ.

ನಾವು ಮನೆಗೆ ಮರಳಿದ ಮರುತಿಂಗಳು ಮಗನು ಹೊರಡುವ ದಿನ ಬಂದಿತು. ಕಾಲಿಗೆ ನಮಸ್ಕರಿಸಿ, “ಆಯಿ, ಹೋಗಲೇ?” ಎಂದನು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಹೋಗು ಎಂದು ನನ್ನ ಬಾಯಲ್ಲಿ ಬರುವುದಿಲ್ಲ. ಹೋಗಿ ಬಾ” ಎಂದಳು. ಅವನ ಬಂಡಿಯು ತಿರುವಿನಲ್ಲಿ ಮರೆಯಾದ ಮೇಲೂ ಆಕೆಯು ಬಾಗಿಲಿನಿಂದ ಕದಲಲಿಲ್ಲ. ಅಂದು ಸಂಜೆ ತುಳಸಿಯ ಮುಂದೆ ಇಟ್ಟ ದೀಪವನ್ನು ರಾತ್ರಿ ಮಲಗುವಾಗಲೂ ಎಣ್ಣೆ ಹಾಕಿ ಉರಿಸಿದಳು. ಅದು ನಮ್ಮ ಮನೆಯಲ್ಲಿ ಇಂದಿಗೂ ನಡೆದುಬಂದಿದೆ.